ಗುಡ್ಡದ ಮೇಲಿನ ನೀರು

ನಮ್ಮ ಅಕ್ಕನ ಮಗಳು ಹೋದ ವರ್ಷ ಹಡಗಿನ ಪ್ರವಾಸ ಮಾಡಿ ಬಂದಳು. ಗಂಡ ಹೆಂಡತಿ ಇಬ್ಬರೂ ಜರ್ಮನಿಯಲ್ಲಿ ಕೆಲಸದಲ್ಲಿರುವವರು. ಮೆಡಿಟರೇನಿಯನ್ ಸಮುದ್ರದಲ್ಲಿ ಎಂಟು ದಿನದ ಪ್ರಯಾಣ. ಹಡಗೆಂದರೆ ಒಂದು ಸಣ್ಣ ಊರೇ ಅಂತೆ. ರಾತ್ರಿಯೆಲ್ಲ ಸಾಗುವುದು, ಬೆಳಗಾದರೆ ಯಾವುದಾದರೊಂದು ಬಂದರಿನಲ್ಲಿ ನಿಲ್ಲುವುದು. ಇಳಿದವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಒಳನಾಡಿನ ಗುಡ್ಡಗಳ ಮೇಲಿರುವ ಹಳೆಯ ಊರುಗಳನ್ನು ತೋರಿಸಿ, ಸಂಜೆ ಆರರೊಳಗೆ ತಿರುಗಿ ತಂದು ಬಿಡುತ್ತಾರೆ. ತಡವಾದರೆ ಹಡಗು ಯಾರಿಗಾಗಿಯೂ ಕಾಯುವುದಿಲ್ಲ.

ಅವಳು ಫೋನಿನಲ್ಲಿ ಫೋಟೋಗಳನ್ನು ತೋರಿಸುತ್ತ ಇದನ್ನೆಲ್ಲ ಹೇಳುವಾಗ ನಾನು ಕುಡತಿನಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ದೀಪಾವಳಿ ಮುಗಿಸಿಕೊಂಡು ನಾಲ್ಕು ದಿನ ಇದ್ದು ಹೋಗೋಣವೆಂದು ದಾವಣಗೆರೆಯಿಂದ ಬಂದಿದ್ದೆ. ಇಟಲಿಯ ಒರ್ವಿಯೆಟೊ ಎಂಬ ಊರಿನ ಚಿತ್ರ ಬಂತು. ನೆಟ್ಟಗೆ ಎದ್ದು ನಿಂತ ಬಂಡೆ, ಅದರ ನೆತ್ತಿಯ ಮೇಲೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಡುವೆ ದೊಡ್ಡದೊಂದು ಇಗರ್ಜಿ. ನಾನು "ಎಷ್ಟು ಚೆಂದ!" ಎಂದೆ. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಅಷ್ಟು ಎತ್ತರದಾಗ ಕುಡಿಯಾಕ ನೀರು ಎಲ್ಲಿಂದ ತರ್ತಿದ್ರೇ?" ಎಂದು ಕೇಳಿದಳು.

ಮಗಳಿಗೆ ಖುಷಿಯಾಯಿತು. "ಅಮ್ಮಾ, ಅದನ್ನೇ ಅಲ್ಲಿ ಎಲ್ಲರಿಗೂ ತೋರಿಸ್ತಾರೆ" ಎಂದು ಒಂದು ಬಾವಿಯ ಕಥೆ ಹೇಳಿದಳು. 1527ರಲ್ಲಿ ರೋಮ್ ನಗರವನ್ನು ಸೈನಿಕರು ಸೂರೆ ಮಾಡಿದಾಗ ಏಳನೆಯ ಕ್ಲೆಮೆಂಟ್ ಎಂಬ ಪೋಪ್ ಓಡಿಬಂದು ಈ ಊರಿನಲ್ಲಿ ಆಶ್ರಯ ಪಡೆದ. ಶತ್ರುಗಳು ಮುತ್ತಿಗೆ ಹಾಕಿದರೆ ನೀರಿಗೇನು ಗತಿ ಎಂಬ ಭಯದಿಂದ ಬಂಡೆಯಲ್ಲಿ ಬಾವಿ ತೋಡಿಸಲು ಶುರುಮಾಡಿದ. ಮುಗಿದದ್ದು 1537ರಲ್ಲಿ. ಐವತ್ತು ಮೀಟರಿಗೂ ಮಿಕ್ಕ ಆಳ. ಒಳಗೆ ಸುರುಳಿ ಸುತ್ತಿದ ಎರಡು ಮೆಟ್ಟಿಲು ಸಾಲು, ಒಂದೊಂದಕ್ಕೆ 248 ಮೆಟ್ಟಿಲು. ಖಾಲಿ ಪಾತ್ರೆ ಹೊತ್ತ ಹೇಸರಗತ್ತೆ ಒಂದರಲ್ಲಿ ಇಳಿದರೆ, ನೀರು ಹೊತ್ತದ್ದು ಇನ್ನೊಂದರಲ್ಲಿ ಏರುತ್ತದೆ. ಒಂದಕ್ಕೊಂದು ಎದುರಾಗುವುದೇ ಇಲ್ಲ.

"ಕತ್ತೆಗೆ ಅಷ್ಟು ಅನುಕೂಲ ಮಾಡಿದ್ರಲ್ಲ" ಎಂದು ಅಕ್ಕ ಮೆಚ್ಚಿದಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ನಮ್ಮ ಬಳ್ಳಾರಿ ಗುಡ್ಡದ ಮ್ಯಾಲೆ ನೀರು ಹೆಂಗಿತ್ತು?" ಎಂದಳು.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. ಕೋಟೆ ಕಟ್ಟಿದವರು ಯಾರು, ಗೆದ್ದವರು ಯಾರು ಎಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ನೀರಿನ ಪ್ರಶ್ನೆಯನ್ನು ನಾನು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಅಕ್ಕನ ಮುಂದಿನ ಮಾತಿಗೆ. ಮದುವೆಯಾಗಿ ಕುಡತಿನಿಗೆ ಬಂದು ನಲವತ್ತೆರಡು ವರ್ಷವಾದರೂ ಅವಳು ಆ ಗುಡ್ಡ ಹತ್ತಿಲ್ಲ. ಬಳ್ಳಾರಿಗೆ ಸೀರೆಗೆ ಹೋಗಿದ್ದಾಳೆ, ಸಿನಿಮಾಕ್ಕೆ ಹೋಗಿದ್ದಾಳೆ, ಆಸ್ಪತ್ರೆಗೆ ಹೋಗಿದ್ದಾಳೆ, ಗುಡ್ಡದ ಬುಡದ ದುರ್ಗಮ್ಮನಿಗೆ ಹಣ್ಣುಕಾಯಿ ಮಾಡಿಸಿದ್ದಾಳೆ. ಹೆಣ್ಣುಮಕ್ಕಳು ಗುಡ್ಡ ಹತ್ತಿ ಏನು ಮಾಡಬೇಕೆಂದು ಅತ್ತೆ ಅನ್ನುತ್ತಿದ್ದರಂತೆ. ಭಾವ ಪ್ರತಿ ಸಲವೂ "ಮುಂದಿನ ಸಲ ನೋಡಾಣ" ಎನ್ನುತ್ತಿದ್ದರು. ಭಾವ ತೀರಿಕೊಂಡು ಎರಡು ವರ್ಷವಾಯಿತು. ಅಕ್ಕನ ಮೊಣಕಾಲು ಈಗೀಗ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತವೆ.

"ನಾಳೆಯೇ ಹೋಗೋಣ. ನಾವೂ ಹಡಗಿನವರ ಹಾಗೆ ಒಂದು ದಿನ ಇಳಿದು ಗುಡ್ಡ ನೋಡಿ ಬರೋಣ" ಎಂದೆ.

"ಸಂಜಿ ಆರಕ್ಕ ನಾ ಎಮ್ಮಿ ಹಿಂಡಬೇಕು. ಬ್ಯಾರೆಯವರು ಕೈಯಿಟ್ರೆ ಒದಿತೈತಿ" ಎಂದಳು ಅಕ್ಕ. ಹಾಗೆ ನಮ್ಮ ಹಡಗು ಯಾವುದೆಂದು ತೀರ್ಮಾನವಾಯಿತು. ಕೊಟ್ಟಿಗೆಯಲ್ಲಿ ಕಟ್ಟಿದ್ದರೂ ಅದೂ ಯಾರಿಗಾಗಿಯೂ ಕಾಯುವುದಿಲ್ಲ.

ಬಾಡಿಗೆ ಕಾರು ಹೇಳಿ ಮರುದಿನ ಆರು ಗಂಟೆಗೇ ಹೊರಟೆವು. ಈ ಸೀಮೆಯನ್ನು ಕಂಡವರಿಗೆ ಗೊತ್ತು, ಇಲ್ಲಿ ನೆಲ ಹಾಸಿದ ಹಾಗೆ ಸಪಾಟು. ಮಳೆ ಬಿದ್ದರೆ ಕಾಲು ಹಿಡಿದುಕೊಳ್ಳುವ ಕರಿ ಎರೆಮಣ್ಣು. ಅದರ ನಡುವೆ ಯಾವ ಮುನ್ಸೂಚನೆಯೂ ಇಲ್ಲದೆ ಬೋಳು ಬಂಡೆಗಳ ಗುಡ್ಡಗಳು ಎದ್ದು ನಿಲ್ಲುತ್ತವೆ. ಬೆಳಗಿನ ಮಂಜಿನಲ್ಲಿ ಎರೆಹೊಲಗಳು ಕಾಣದಾದಾಗ ಗುಡ್ಡಗಳ ತಲೆ ಮಾತ್ರ ದ್ವೀಪಗಳಂತೆ ತೇಲುತ್ತಿದ್ದವು. ಅಕ್ಕನ ಮಗಳ ಸಮುದ್ರಕ್ಕೆ ನಮ್ಮದೇನೂ ಕಡಿಮೆಯಿಲ್ಲ ಅನ್ನಿಸಿತು.

ಮೊದಲು ಬಳ್ಳಾರಿಯ ಕಡೆಗಲ್ಲ, ಹೊಸಪೇಟೆಯ ಕಡೆಗೆ ಸ್ವಲ್ಪ ದೂರ ಹೋದೆವು. ಅಲ್ಲಿ ಬೂದಿಕಣಮ ಎಂಬ ಕಣಿವೆಯ ಹತ್ತಿರ ರಸ್ತೆಯ ಪಕ್ಕದಲ್ಲೇ ಒಂದು ದಿಬ್ಬವಿದೆ. ಬಸ್ಸಿನ ಕಿಟಕಿಯಿಂದ ನೋಡಿದವರು ಯಾವುದೋ ಮಣ್ಣಿನ ಗುಡ್ಡೆ ಎಂದು ಸುಮ್ಮನಾಗುತ್ತಾರೆ. ಅದು ಮಣ್ಣಲ್ಲ, ಬೂದಿ. ಕೆಲವು ಕಡೆ ಮೆತ್ತಗೆ, ಕೆಲವು ಕಡೆ ಕರಗಿ ಗಾಜಿನ ಹಾಗೆ ಗಟ್ಟಿಯಾದ ಉಂಡೆಗಳು. ರಕ್ಕಸರನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಿದ್ದರು. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವ ಇಂಥದೇ ದಿಬ್ಬಕ್ಕೆ ವಾಲಿಯ ಚಿತೆಯ ಬೂದಿ ಎಂಬ ಹೆಸರಿದೆ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಕಂಪನಿ ಸರ್ಕಾರದ ಅಧಿಕಾರಿ ಈ ಸೀಮೆಯ ಬೂದಿದಿಬ್ಬಗಳ ಬಗ್ಗೆ 1843ರಲ್ಲಿ ಬರೆದ ಮೇಲೆ ವಿದ್ವಾಂಸರ ವಾದ ಶುರುವಾಯಿತು. ಜ್ವಾಲಾಮುಖಿಯದೋ, ಕಬ್ಬಿಣ ಕರಗಿಸಿದ ಕುಲುಮೆಯದೋ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ವಿಜಯನಗರದ ಕಾಲದಲ್ಲಿ ಹೆಂಗಸರು ಗುಂಪುಗುಂಪಾಗಿ ಸಹಗಮನ ಮಾಡಿದ ಬೂದಿಯಿರಬಹುದೇ ಎಂಬ ಊಹೆಯೂ ಒಮ್ಮೆ ಬಂದಿತ್ತು.

ಇದನ್ನು ಹೇಳುತ್ತಿದ್ದಂತೆ ಅಕ್ಕ ಬಗ್ಗಿ ಒಂದು ಚಿಟಿಕೆ ಬೂದಿ ಬೆರಳಲ್ಲಿ ಉಜ್ಜಿ ನೋಡಿದಳು. "ಹೆಣ ಸುಟ್ಟದ್ದು ಹಿಂಗಿರಂಗಿಲ್ಲ. ಇದು ಕುಳ್ಳಿನ ಬೂದಿ. ಇದರಾಗ ಎಷ್ಟು ಪಾತ್ರಿ ತಿಕ್ಕೀನಿ ನಾನು" ಎಂದಳು.

ಅಕ್ಕ ಹೇಳಿದ್ದು ಸರಿ. ನಮ್ಮ ದೇಶದ ಶಿಲಾಯುಗದ ಶೋಧನೆಗೆ ದಾರಿ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟದ್ದೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದ್ದರು. ಒಪ್ಪುವುದಕ್ಕೆ ಜಗತ್ತಿಗೆ ಇನ್ನಷ್ಟು ಕಾಲ ಬೇಕಾಯಿತು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆಸಿದಾಗ ಒಳಗೆ ಬೇಲಿಯ ಗೂಟ ನೆಟ್ಟ ಕುಳಿಗಳು ಸಿಕ್ಕವು. ದನಗಳ ಗೊರಸಿನ ಗುರುತು ಕೂಡ ಹಾಗೆಯೇ ಉಳಿದಿತ್ತು. ಅಂದರೆ ಇವು ದೊಡ್ಡ ದೊಡ್ಡ ದನದ ಹಟ್ಟಿಗಳು. ಕ್ರಿಸ್ತಪೂರ್ವ 3000ದಿಂದ 1200ರ ನಡುವಿನ ಕಾಲದ್ದು. ವರ್ಷಗಟ್ಟಲೆ ಬಿದ್ದ ಸಗಣಿಯನ್ನು ಆ ಜನ ಆಗಾಗ ಒಟ್ಟಿಗೆ ಸುಡುತ್ತಿದ್ದರು. ಸಂಕ್ರಾಂತಿಯ ಸಂಜೆ ಹಳೇ ಮೈಸೂರಿನ ಕಡೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥದೊಂದು ಆಚರಣೆಯ ಬೇರು ಇಲ್ಲಿರಬಹುದೆಂದು ಆಲ್ಚಿನ್ ಯೋಚಿಸಿದ್ದರು.

ದಿಬ್ಬದ ಮೇಲೆ ನಿಂತರೆ ಕುಡತಿನಿಯ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಮೂರು ಘಟಕ ಸೇರಿ 1700 ಮೆಗಾವ್ಯಾಟ್. ಅದರ ಕಲ್ಲಿದ್ದಲಿನ ಬೂದಿ ಗಾಳಿ ತಿರುಗಿದ ದಿನ ಅಕ್ಕನ ಮನೆಯ ತುಳಸಿಕಟ್ಟೆಯ ಮೇಲೂ ಕೂರುತ್ತದೆ. "ಈ ಬೂದಿಗೆ ಪಾತ್ರಿ ಬೆಳಗಂಗಿಲ್ಲ" ಎಂದಷ್ಟೇ ಹೇಳಿ ಅಕ್ಕ ಕಾರು ಹತ್ತಿದಳು.

ಬಳ್ಳಾರಿ ತಲುಪಿದಾಗ ಎಂಟು ಗಂಟೆ. ಊರಿನ ಹೆಸರಿನ ಬಗ್ಗೆ ಒಂದು ಕಥೆಯಿದೆ. ದಾರಿಯಲ್ಲಿ ತಂಗಿದ ವ್ಯಾಪಾರಿಗಳಿಗೆ ಪೂಜೆಗೆ ಲಿಂಗ ಸಿಗದೆ ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದರು, ಆ ಬಳ್ಳದಿಂದಲೇ ಬಳ್ಳಾರಿ ಎಂದು. ನಿಜವೋ ಸುಳ್ಳೋ, ಅಳತೆಯ ಪಾತ್ರೆಯೊಂದು ದೇವರಾದ ಕಥೆ ನನಗೆ ಇಷ್ಟ.

ಕೋಟೆ ಎರಡು ಹಂತದ್ದು. ಮೇಲುಕೋಟೆಯನ್ನು ವಿಜಯನಗರದ ಅಧೀನದಲ್ಲಿದ್ದ ಹನುಮಪ್ಪ ನಾಯಕ ಕಟ್ಟಿಸಿದ. ಕೆಳಕೋಟೆ ಹೈದರ್ ಅಲಿಯ ಕಾಲದ್ದು. ಪಕ್ಕದಲ್ಲೇ ಇನ್ನೊಂದು ಗುಡ್ಡವಿದೆ, ಕುಂಬಾರ ಗುಡ್ಡ. ಹೈದರನಿಗಾಗಿ ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರು ಆ ಗುಡ್ಡ ಕೋಟೆಗಿಂತ ಎತ್ತರವಾಗಿರುವುದನ್ನೂ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆಗೆ ಉಳಿಗಾಲವಿಲ್ಲ ಎಂಬುದನ್ನೂ ಗಮನಿಸಲಿಲ್ಲವಂತೆ. ಕೆಲಸ ಮುಗಿದ ಮೇಲೆ ಇದು ಹೈದರನ ಕಣ್ಣಿಗೆ ಬಿದ್ದು, ಇಂಜಿನಿಯರನನ್ನು ಬಾಗಿಲಲ್ಲೇ ಗಲ್ಲಿಗೇರಿಸಿದನೆಂದು ಕಥೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಎರಡೂ ಗುಡ್ಡಗಳನ್ನು ಅಳೆದು ನೋಡಿ, "ಮನಿ ಕಟ್ಟಿಸೋರು ಮೊದಲು ಬಾಜೂಕಿನ ಮಾಳಿಗಿ ನೋಡಬೇಕು" ಎಂದಳು. ಡ್ರೈವರ್ ಹುಡುಗ ಜೋರಾಗಿ ನಕ್ಕ.

ಹತ್ತಲು ಶುರುಮಾಡಿದೆವು. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುವುದು, ಇಪ್ಪತ್ತಕ್ಕೊಮ್ಮೆ ಕೂರುವುದು. ಕಾಲೇಜಿನ ಹುಡುಗ ಹುಡುಗಿಯರು ಮೊಬೈಲ್ ಹಿಡಿದು ನಮ್ಮನ್ನು ದಾಟಿಕೊಂಡು ಹೋದರು. ಒಬ್ಬ ಹುಡುಗಿ ನಿಂತು, "ಅಮ್ಮಾ, ಕೈ ಹಿಡೀಲಾ?" ಎಂದಳು. ಅಕ್ಕ ಬೇಡವೆಂದಳು. ಕೂತಾಗಲೆಲ್ಲ ನಾನು ಪಾಠ ಶುರುಮಾಡುತ್ತಿದ್ದೆ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದು, ಥಾಮಸ್ ಮನ್ರೋ ಇಲ್ಲಿ 1807ರವರೆಗೆ ಕಲೆಕ್ಟರಾಗಿದ್ದದ್ದು, ಮದ್ರಾಸಿನ ಕಡೆಗಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದು, ಆದವಾನಿ, ಆಲೂರು, ರಾಯದುರ್ಗ ಆ ಕಡೆಗೇ ಉಳಿದದ್ದು. ಅಕ್ಕ ಹೂಂಗುಟ್ಟುತ್ತಿದ್ದಳು.

ಅವಳು ಕಿವಿ ನೆಟ್ಟು ಕೇಳಿದ್ದು ಎರಡೇ ಸಂಗತಿ. ಒಂದು ನೀಲಮ್ಮನದು. ಮಕ್ಕಳಿಲ್ಲದೆ ನಾಯಕ ತೀರಿಕೊಂಡಾಗ ಅವನ ಹೆಂಡತಿ ನೀಲಮ್ಮ ದತ್ತು ತೆಗೆದುಕೊಂಡು ಮನೆತನ ನಿಲ್ಲಿಸಿದಳೆಂದು ಬಳ್ಳಾರಿ ಪಾಳೆಯಗಾರರ ವಂಶದ ಕಥೆಯಲ್ಲಿ ಬರುತ್ತದೆ. ಹೈದರನ ಕೈಗೆ ಕೋಟೆ ಹೋದದ್ದು ಅದಾದ ಮೇಲೆ. ಇನ್ನೊಂದು ಕರ್ನೂಲಿನ ನವಾಬ ಮುಜಫರ್ ಖಾನನದು. ಹೆಂಡತಿಯನ್ನು ಕೊಂದ ಅಪರಾಧಕ್ಕೆ ಇಂಗ್ಲಿಷರು ಅವನನ್ನು 1823ರಿಂದ 1864ರವರೆಗೆ ಈ ಗುಡ್ಡದ ಮೇಲೆ ಕೂಡಿಹಾಕಿದ್ದರು.

"ನಲವತ್ತೊಂದು ವರ್ಷ!" ಎಂದು ಲೆಕ್ಕ ಹಾಕಿದ ಅಕ್ಕ, "ಆಕಿ ಹೆಸರೇನು?" ಎಂದಳು.

ನಾನು ಓದಿದ ಪುಸ್ತಕಗಳಲ್ಲಿ ಅವನ ಹೆಸರಿತ್ತು, ಇಸವಿಗಳಿದ್ದವು, ಅವಳ ಹೆಸರು ಇರಲಿಲ್ಲ. ಹಾಗೆಂದೆ. ಅಕ್ಕ ಏನೂ ಅನ್ನದೆ ಗೋಡೆ ಹಿಡಿದು ಎದ್ದಳು.

ಮೇಲೆ ತಲುಪುವ ಹೊತ್ತಿಗೆ ಒಂದೂವರೆ ಗಂಟೆ ಹಿಡಿಯಿತು. ಅಕ್ಕನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಬಂಡೆಗಳು ಬಿರಿದ ಸೀಳುಗಳಿಗೆ ಅಡ್ಡಲಾಗಿ ಗೋಡೆ ಕಟ್ಟಿ, ಮಳೆಯ ನೀರು ಹರಿದು ಬಂದು ನಿಲ್ಲುವ ಹಾಗೆ ಕೊಳಗಳನ್ನು ಮಾಡಿದ್ದಾರೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಹರಿಯುವ ದಾರಿ ನೋಡಿ ತಡೆದರೆ ಸಾಕು. ನಾವು ನೋಡಿದ ಕೊಳದಲ್ಲಿ ಹಸಿರು ನೀರಿತ್ತು, ಪ್ಲಾಸ್ಟಿಕ್ ಬಾಟಲಿಗಳೂ ತೇಲುತ್ತಿದ್ದವು. ಒರ್ವಿಯೆಟೊದವರು ನೀರಿಗಾಗಿ ಬಂಡೆಯೊಳಕ್ಕೆ ಇಳಿದರು, ನಮ್ಮವರು ಬಂಡೆಯ ಮೇಲೆಯೇ ಮೋಡವನ್ನು ಕಾದರು.

ಅಕ್ಕ ಕೊಳದ ಅಂಚಿನಲ್ಲಿ ಕೂತು ಬಹಳ ಹೊತ್ತು ಕೆಳಗೆ ನೋಡಿದಳು. "ಮಳಿಗಾಲ ಆತು, ಚಳಿಗಾಲ ಆತು. ಚೈತ್ರ ವೈಶಾಖದಾಗ ಇದು ಒಣಗತೈತಿ. ಆಗ?" ಎಂದಳು. ನಾನು ಸುಮ್ಮನಿದ್ದೆ. ಅವಳೇ ಹೇಳಿದಳು. "ಕೆಳಗಿಂದ ಹೊತ್ತಿರಬೇಕು. ಇಲ್ಲಿ ಕತ್ತಿಗೆ ಬ್ಯಾರೆ ಮೆಟ್ಟಿಲು ಇಲ್ಲ."

ಮದುವೆಯಾದ ಹೊಸದರಲ್ಲಿ ಅಕ್ಕ ದಿನಕ್ಕೆ ಎಂಟು ಹತ್ತು ಕೊಡ ನೀರು ಹೊತ್ತವಳು. ತಲೆಯ ಮೇಲೊಂದು, ಸೊಂಟದಲ್ಲೊಂದು. ಬಾವಿ ಬತ್ತಿದರೆ ಇನ್ನೊಂದು ಬಾವಿ, ಅದೂ ಬತ್ತಿದರೆ ಊರಾಚೆಯ ತೋಟದ ಬಾವಿ. ಮಗಳು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳವರೆಗೂ ಹೊತ್ತಿದ್ದಳು. ಆಗ ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ವಿಜಯನಗರದ ಪತನಕ್ಕೆ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಆ ಮೊಣಕಾಲುಗಳನ್ನು ಆ ಕೊಡಗಳೇ ಸವೆಸಿದವು ಎಂಬುದು ಅಂದು ಆ ಕೊಳದ ಅಂಚಿನಲ್ಲಿ ಕೂರುವವರೆಗೂ ನನಗೆ ಹೊಳೆದಿರಲಿಲ್ಲ. ಕೋಟೆ ಬಿದ್ದದ್ದಕ್ಕೆ ಇತಿಹಾಸದಲ್ಲಿ ಕಾರಣಗಳಿವೆ. ಅಷ್ಟು ವರ್ಷ ಅದು ನಿಂತದ್ದಕ್ಕೂ ಕಾರಣವಿರಬೇಕಲ್ಲ. ಮೇಲಿದ್ದವರು ಉಂಡರು, ಕುಡಿದರು, ಮಿಂದರು. ಅದನ್ನೆಲ್ಲ ದಿನದಿನವೂ ಯಾರೋ ಒದಗಿಸಿದರು.

ಅಕ್ಕ ಎದ್ದು ಪಶ್ಚಿಮದ ಕಡೆಗೆ ಬಂದು ನಿಂತಳು. ಮಬ್ಬಿನಾಚೆ ಚಿಮಣಿಗಳ ಗೆರೆ ಸಣ್ಣಗೆ ಕಂಡಿತು. "ನಮ್ಮನಿ ಅಲ್ಲೈತಿ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೆಂದುಕೊಂಡು ನಾನು ಬೇರೆ ಕಡೆ ನೋಡಿದೆ.

ಇಳಿದು ಇಡ್ಲಿ ತಿಂದು, ಊರೊಳಗೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯಕ್ಕೆ ಹೋದೆವು. ಬಳ್ಳಾರಿಗೆ ಹೋದವರು ದಯವಿಟ್ಟು ಅದನ್ನು ತಪ್ಪಿಸಿಕೊಳ್ಳಬಾರದು. ಇದೇ ಫೂಟ್ 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿಯೊಂದನ್ನು ಗುರುತಿಸಿ, ಭಾರತದಲ್ಲೂ ಹಳೆ ಶಿಲಾಯುಗದ ಮನುಷ್ಯರಿದ್ದರೆಂದು ತೋರಿಸಿದವರು. ಬಳ್ಳಾರಿ ಸೀಮೆಯಲ್ಲಿ ಅವರು ತಿರುಗಾಡದ ಗುಡ್ಡವಿಲ್ಲ.

ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳನ್ನು ಅಕ್ಕ ಬೇಗ ದಾಟಿದಳು. ನಿಂತದ್ದು ನಡುವೆ ತಗ್ಗಾಗಿ ಸವೆದ ಉದ್ದನೆಯ ಕಲ್ಲುಗಳ ಮುಂದೆ. ಬೀಸುವ ಕಲ್ಲು ಎಂದೆ ನಾನು. "ಅಲ್ಲ. ಬೀಸೋ ಕಲ್ಲು ಗುಂಡಗೆ ತಿರುಗತೈತಿ. ಇದರಾಗ ಹಿಂದಕ್ಕೂ ಮುಂದಕ್ಕೂ ನೂಕ್ಯಾರ. ಇದು ಅರಿಯೋ ಕಲ್ಲು" ಎಂದು ತಿದ್ದಿದಳು. ಆಕೆಯ ಮಾತೇ ಸರಿ. ಗೂಟ ಹಿಡಿದು ತಿರುಗಿಸುವ ಬೀಸುಕಲ್ಲು ನಮ್ಮಲ್ಲಿಗೆ ಬಂದದ್ದು ಇದಾಗಿ ಎಷ್ಟೋ ಶತಮಾನಗಳ ಮೇಲೆ. ಅದಕ್ಕೆ ಮುಂಚೆ ಮಂಡಿಯೂರಿ ಕೂತು, ಎರಡೂ ಕೈಯಿಂದ ಕಲ್ಲು ನೂಕಿ ನೂಕಿಯೇ ಹಿಟ್ಟು ಮಾಡಬೇಕಿತ್ತು. ಕಲ್ಲು ಅಷ್ಟು ಸವೆದಿದ್ದರೆ ಕೂತವರ ಮಂಡಿ ಎಷ್ಟು ಸವೆದಿರಬೇಡ!

ಅಲ್ಲಿಂದ ಸಂಗನಕಲ್ಲಿಗೆ ಐದಾರು ಕಿಲೋಮೀಟರು. ಸಂಗನಕಲ್ಲು, ಕಪ್ಪಗಲ್ಲುಗಳ ನಡುವಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ಊರುಗಳಿದ್ದವು. ಕೋಟೆಯ ಊರಲ್ಲ, ಬದುಕುವ ಊರು. ಗುಡ್ಡದ ನೆತ್ತಿಯಲ್ಲಿ ಗುಂಡನೆಯ ಗುಡಿಸಲು ಹಾಕಿಕೊಂಡು, ಕೆಳಗೆ ದನ ಮೇಯಿಸಿ, ಹೊಲ ಮಾಡಿ ಬಾಳಿದವರು. ಬಿ. ಸುಬ್ಬರಾವ್ 1940ರ ದಶಕದಲ್ಲಿ ಇಲ್ಲಿ ಅಗೆತ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ಪ್ರಕಟಿಸಿದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ವಿದೇಶದ ವಿದ್ವಾಂಸರ ಜೊತೆ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರು. ಹಿರೇಗುಡ್ಡದ ಮೇಲೆ ಕಲ್ಲಿನ ಕೊಡಲಿ ಮಾಡುವ ಕಾರ್ಖಾನೆಯೇ ಇತ್ತು. ಕಪ್ಪು ಬೆಣಚಿನಂಥ ಗಟ್ಟಿ ಕಲ್ಲನ್ನು ಒಡೆದು ಆಕಾರ ಕೊಟ್ಟ ಚೂರುಗಳು ರಾಶಿ ರಾಶಿಯಾಗಿ ಬಿದ್ದಿದ್ದವು.

ಸುಟ್ಟು ಕರಿಕಾದ ಕಾಳುಗಳನ್ನು ಮಣ್ಣಿನಿಂದ ನೀರಲ್ಲಿ ತೇಲಿಸಿ ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಜನ ಏನು ಉಣ್ಣುತ್ತಿದ್ದರೆಂದು ಡೋರಿಯನ್ ಫುಲ್ಲರ್ ಎಂಬ ತಜ್ಞರು ಕಂಡುಹಿಡಿದರು. ಹುರುಳಿ, ಹೆಸರು, ಕೊರಲೆ. ನಾನು ಇದನ್ನು ಹೇಳಿದಾಗ ಅಕ್ಕನಿಗೆ ಕೋಟೆಯ ಯಾವ ಸಂಗತಿಗೂ ಆಗದಷ್ಟು ಆಶ್ಚರ್ಯವಾಯಿತು. "ಹುರುಳಿ ಆಗಲೂ ಇತ್ತಾ? ನಿನ್ನಿ ರಾತ್ರಿ ನೆನಿ ಹಾಕೀನಲ್ಲೇ!" ಎಂದಳು. ಅದೇ ಕಾಳು, ಅದೇ ಸೀಮೆ, ನಡುವೆ ನಾಲ್ಕು ಸಾವಿರ ವರ್ಷ. ಇಷ್ಟು ಕಾಲ ಒಡೆಯದೆ ನಡೆದುಬಂದ ಇನ್ನೊಂದು ರಾಜ್ಯ ನನಗೆ ಗೊತ್ತಿಲ್ಲ.

ಇಲ್ಲಿಯ ಗುಡ್ಡಗಳಿಗೆ ಹೆಂಗಸರ ಹೆಸರಿದೆ. ಒಂದು ಸಣ್ಣರಾಚಮ್ಮನ ಗುಡ್ಡ, ಇನ್ನೊಂದು ಚೌಡಮ್ಮನ ಗುಡ್ಡ. ಬಿಸಿಲೇರಿತ್ತು, ಮೇಲೆ ಹತ್ತುವ ಹಾಗಿರಲಿಲ್ಲ. ಬುಡದ ಜಾಲಿಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಂದು, "ಏನ್ ನೋಡಾಕ ಬಂದೀರವ್ವಾ? ಏನೈತಿ ಇಲ್ಲಿ, ಕಲ್ಲು" ಎಂದಳು. ರೊಟ್ಟಿ ಕೊಟ್ಟು ಕೂರಿಸಿಕೊಂಡೆವು. ಕಪ್ಪಗಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ದನಿ ಬರುವ ಬಂಡೆಗಳಿವೆಯಲ್ಲ ಎಂದು ಕೇಳಿದೆ. "ಹೂಂ, ಕಂಚಿನಂಗ ಬರತೈತಿ" ಎಂದಳು, ಹೊಸದೇನಲ್ಲ ಎಂಬಂತೆ.

ಆ ಬಂಡೆಗಳ ಕಥೆಯೂ ವಿಚಿತ್ರ. ಅಲ್ಲಿ ಗೂಳಿಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ, ಬಡಿದು ಬಡಿದು ಬಟ್ಟಲಿನಂತೆ ಕುಳಿಯಾದ ಕಲ್ಲುಗಳೂ ಇವೆ. ಫಾಸೆಟ್ ಎಂಬಾತ 1892ರಲ್ಲಿ ಅವುಗಳ ಬಗ್ಗೆ ಬರೆದ. ಆಮೇಲೆ ವಿದ್ವಾಂಸರ ಲೋಕ ಅದನ್ನು ಮರೆತೇಬಿಟ್ಟಿತು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಈ ಶತಮಾನದ ಮೊದಲಲ್ಲಿ, ನಿಕೋಲ್ ಬೋವಿನ್ ಎಂಬ ಪುರಾತತ್ವಜ್ಞೆ ಅವನ್ನು ಮತ್ತೆ ಲೋಕದ ಗಮನಕ್ಕೆ ತಂದರು. ಅಷ್ಟು ಹೊತ್ತಿಗೆ ಗುಡ್ಡವನ್ನು ಕಲ್ಲುಗಣಿಯವರು ಕೊರೆಯತೊಡಗಿದ್ದರು. ಹೀಗೇ ಬಿಟ್ಟರೆ ಚಿತ್ರಗಳೂ ಉಳಿಯುವುದಿಲ್ಲ, ದನಿಯೂ ಉಳಿಯುವುದಿಲ್ಲ ಎಂದು ಬೋವಿನ್ ಮತ್ತು ಕೋರಿಶೆಟ್ಟರ್ ಎಚ್ಚರಿಸಿದರು. ಶತ್ರುಗಳು ಮುತ್ತಿದಾಗ ಉಳಿದ ಗುಡ್ಡಗಳು ಅಡುಗೆಮನೆಯ ಕಟ್ಟೆಗೆ ನುಣುಪಾದ ಕಲ್ಲು ಬೇಕೆನ್ನುವ ನಮ್ಮಂಥವರ ಕೈಯಲ್ಲಿ ಪುಡಿಯಾಗುತ್ತವೆ. ದಾವಣಗೆರೆಯ ನನ್ನ ಮನೆಯಲ್ಲೂ ಗ್ರಾನೈಟ್ ಕಟ್ಟೆಯಿದೆ. ಅದು ಯಾವ ಗುಡ್ಡದ್ದೆಂದು ಹಾಕಿಸುವಾಗ ನಾನು ಕೇಳಲಿಲ್ಲ.

ಮೂರು ಗಂಟೆಗೆ ಕುರುಗೋಡು. ಈಗ ಅದು ತಾಲ್ಲೂಕು ಕೇಂದ್ರ. ಎಂಟುನೂರು ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಬಳ್ಳಕುಂದೆ ಮುನ್ನೂರು ಎಂಬ ನಾಡನ್ನು ಆಳಿದ ಸಿಂದರ ರಾಜಧಾನಿ. ಗುಡ್ಡದ ಮೇಲೆ ಕೋಟೆ, ಬುಡದಲ್ಲಿ ಉಜ್ಜಲಪೇಟೆ ಎಂಬ ಹಳೆಯ ಪೇಟೆ. ಅಲ್ಲಿ ಆ ಕಾಲದ ದೇವಾಲಯಗಳು ಕೆಲವು ಉಳಿದಿವೆ, ಊರು ಮಾತ್ರ ಆಚೆ ಸರಿದುಹೋಗಿದೆ. ಕಂಬಗಳ ನಡುವೆ ಮೇಕೆಗಳು ಮಲಗಿದ್ದವು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಆದಮೇಲೆ ಕಾಲುವೆಯ ನೀರು ಬಂದು ಈ ಕಡೆಯ ಎರೆಯಲ್ಲಿ ಭತ್ತ ತೂಗಾಡಿತು. ಭಯವಿದ್ದ ಕಾಲದಲ್ಲಿ ಜನ ಮೇಲೆ ಹತ್ತಿದರು, ಭಯ ಹೋದಮೇಲೆ ನೀರಿದ್ದ ಕಡೆ ಇಳಿದರು. ಗುಡ್ಡದ ಊರುಗಳ ಇತಿಹಾಸವೆಲ್ಲ ಈ ಹತ್ತಿ ಇಳಿಯುವ ಲೆಕ್ಕದಲ್ಲೇ ಅಡಗಿದೆ ಎಂದು ನನಗೀಗ ಅನ್ನಿಸುತ್ತದೆ.

ದೊಡ್ಡಬಸವೇಶ್ವರನ ಗುಡಿಯಲ್ಲಿ ಬಸವಣ್ಣ ಒಂದೇ ಕಲ್ಲಿನವನು. ಆಳೆತ್ತರಕ್ಕಿಂತ ಎಷ್ಟೋ ಎತ್ತರ. ತಲೆಯೆತ್ತಿ ನೋಡಬೇಕು. ಬೆಳಿಗ್ಗೆ ದನದ ಹಟ್ಟಿಯ ಬೂದಿ, ಮಧ್ಯಾಹ್ನ ಬಂಡೆಯ ಮೇಲಿನ ಗೂಳಿಗಳ ಮಾತು, ಸಂಜೆಗೆ ಈ ಬಸವ. ಈ ಸೀಮೆಯವರು ದನವನ್ನು ಯಾವತ್ತೂ ಬಿಟ್ಟವರಲ್ಲ. ಜಗುಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನೀಲಮ್ಮನ ಮಠ ನೋಡಿದಿರಾ ಎಂದು ಕೇಳಿ ಕಥೆ ಹೇಳಿದರು. ಸಿಂದಿಗೇರಿಯ ಹೆಣ್ಣುಮಗಳಂತೆ. ಮದುವೆ ಒಲ್ಲೆನೆಂದು ಬಸವಣ್ಣನ ಸೇವೆಗೆ ನಿಂತಳಂತೆ. ಆಗ ಬಸವಣ್ಣ ಸಣ್ಣವನು. ಅವಳು ದಿನಾ ಉಣ್ಣಿಸಿ ಉಣ್ಣಿಸಿ ಇಷ್ಟು ದೊಡ್ಡವನಾದನಂತೆ. "ಉಣಿಸಿದೋರು ಒಬ್ಬರಿದ್ರೆ ದೇವರೂ ಬೆಳಿತಾನ" ಎಂದರು ಅಜ್ಜಿ. ಕಥೆ ನಿಜವೇ ಎಂದು ನಾನು ಕೇಳಲಿಲ್ಲ. ಬಳ್ಳಾರಿಯಲ್ಲಿ ಒಬ್ಬ ನೀಲಮ್ಮ ಮನೆತನ ಉಳಿಸಿದಳು, ಇಲ್ಲಿ ಒಬ್ಬ ನೀಲಮ್ಮ ದೇವರನ್ನು ಬೆಳೆಸಿದಳು. ಅಕ್ಕ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದಳು.

ಐದು ಗಂಟೆಗೆ ಅಕ್ಕ ಗಡಿಯಾರ ನೋಡಲು ಶುರುಮಾಡಿದಳು. "ಲಗೂ ನಡಿಯಪ್ಪಾ" ಎಂದು ಡ್ರೈವರನಿಗೆ ಹೇಳುತ್ತಲೇ ಇದ್ದಳು. ದಾರಿಯಲ್ಲಿ ಮೆಣಸಿನಕಾಯಿ ತುಂಬಿದ ಟ್ರ್ಯಾಕ್ಟರುಗಳು ಅಡ್ಡ ಬಂದವು. ಮನೆ ಮುಟ್ಟಿದಾಗ ಆರೂಕಾಲು. ಕೊಟ್ಟಿಗೆಯಲ್ಲಿ ಎಮ್ಮೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಅಕ್ಕ ಚಪ್ಪಲಿ ಬಿಟ್ಟವಳೇ ಕೈಕಾಲು ತೊಳೆದು ಒಳಗೆ ಹೋದಳು. ಬೆಳಗಿನಿಂದ ಗುಡ್ಡ ಹತ್ತಿಳಿದ ಮೊಣಕಾಲನ್ನು ಮಡಚಿ ಕೂತು, ಎಮ್ಮೆಗೆ ಏನೋ ಸಮಾಧಾನ ಹೇಳುತ್ತ ಹಾಲು ಕರೆದಳು.

ರಾತ್ರಿ ನೆನೆಹಾಕಿದ್ದ ಹುರುಳಿಯ ಕಟ್ಟಿನಿಂದ ಸಾರು ಮಾಡಿದಳು. ಉಣ್ಣುವಾಗ ಮಗಳ ಫೋನು ಬಂತು. "ಅಮ್ಮಾ, ನಿಜವಾಗ್ಲೂ ಹತ್ತಿದಿಯಾ? ಚಿಕ್ಕಮ್ಮ ಸುಳ್ಳು ಹೇಳ್ತಾಳೇನೋ ಅಂದ್ಕೊಂಡೆ" ಎಂದಳು. ಅಕ್ಕ ಕೊಳದ ಕಥೆ, ಅರೆಯುವ ಕಲ್ಲಿನ ಕಥೆ, ಇಂಜಿನಿಯರನ ಕಥೆ ಎಲ್ಲವನ್ನೂ ನನಗಿಂತ ಚೆನ್ನಾಗಿ ಹೇಳಿದಳು. ನವಾಬನ ಹೆಂಡತಿಯ ಹೆಸರನ್ನು ನಿನ್ನ ಕಂಪ್ಯೂಟರಿನಲ್ಲಿ ಹುಡುಕಿ ಹೇಳು ಎಂದು ಮಗಳಿಗೆ ಕೆಲಸವನ್ನೂ ಹಚ್ಚಿದಳು.

ಸಿರುಗುಪ್ಪದ ದಾರಿಯಲ್ಲಿ ಟೆಕ್ಕಲಕೋಟೆಯಿದೆ. ಅಲ್ಲಿಯ ಗುಡ್ಡಗಳ ಮೇಲೂ ಶಿಲಾಯುಗದ ಊರಿತ್ತು. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಮಲ್ಹೋತ್ರ ಅಗೆಸಿದಾಗ ಗುಡಿಸಲುಗಳ ನೆಲ ಸಿಕ್ಕಿತು, ಎಳೆಯ ಮಕ್ಕಳನ್ನು ಗಡಿಗೆಯಲ್ಲಿಟ್ಟು ಹೂತದ್ದು ಸಿಕ್ಕಿತು. ಮಲಗುವ ಮುಂಚೆ ಇದನ್ನು ಅಕ್ಕನಿಗೆ ಹೇಳಿದೆ. ಅವಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮಕ್ಕಳ ಮಾತು ಬಂದಾಗ ಕೈ ಒಂದು ಗಳಿಗೆ ನಿಂತಿತು.

"ಮನಿ ಬಿಟ್ಟು ದೂರ ಕಳಸಾಕ ಮನಸ್ಸು ಬಂದಿರಂಗಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಎಮ್ಮಿ ಗಬ್ಬ ಐತಿ. ಇನ್ನೆರಡು ತಿಂಗಳಿಗೆ ಹಾಲು ಬಿಡತೈತಿ. ಆಗ ಬಾ. ಆರು ಗಂಟಿ ಕಟ್ಟು ಇರಂಗಿಲ್ಲ, ಟೆಕ್ಕಲಕೋಟಿ ನಿಧಾನಕ್ಕ ನೋಡಾಣ" ಎಂದು ದೀಪ ಆರಿಸಿದಳು.